ಬ್ಯಾರೆಲ್‌ಗೆ ಕೈಗುಳಿಯುವುದೆಷ್ಟು?

ಮಾನ್ಯರೇ,

ಕಚ್ಚಾ ತೈಲದ ಬೆಲೆ ಏರಿದಾಗಲೆಲ್ಲ ತೈಲ ರಫ್ತು ಮಾಡುವ ದೇಶಗಳಿಗೆ ಸುಗ್ಗಿ ಎಂದು ಬರೆಯುವುದು ರೂಢಿ. ದಕ್ಷಿಣ ಸುಡಾನ್‌ನಂಥ ಬಡ ದೇಶಕ್ಕೆ ಈ ಮಾತು ಹೊಂದುವುದಿಲ್ಲ. ಕಂಪನಿಗಳ ಪಾಲು, ಸಾಗಣೆ ಶುಲ್ಕ, ಹಳೇ ಸಾಲದ ಕಂತು ಎಲ್ಲ ಕಳೆದು ಖಜಾನೆಗೆ ಉಳಿದದ್ದೆಷ್ಟು ಎಂದು ಅಲ್ಲಿ ಕೇಳಬೇಕು. ಬಜೆಟ್ ಎಡವಿರುವುದು ಈ ಲೆಕ್ಕದಲ್ಲೇ.

2011ರ ಜುಲೈ 9ರಂದು ದೇಶ ಸ್ವತಂತ್ರವಾದಾಗ ಅವಿಭಜಿತ ಸುಡಾನ್‌ನ ತೈಲದಲ್ಲಿ ಸುಮಾರು ಮುಕ್ಕಾಲು ಪಾಲು ದಕ್ಷಿಣಕ್ಕೆ ಬಂತು. ರಫ್ತಿನ ಕೊಳವೆ ಮಾರ್ಗ, ಸಂಸ್ಕರಣಾಗಾರ, ಬಂದರು ಉತ್ತರದ ಪಾಲಾದವು. ಆಗ ಸರ್ಕಾರದ ಆದಾಯದಲ್ಲಿ ಶೇ 98ರಷ್ಟು ತೈಲದ್ದೇ ಆಗಿತ್ತು. ಸುಡಾನ್‌ ಜತೆಗಿನ ಸಾಗಣೆ ಶುಲ್ಕದ ಜಗಳದಲ್ಲಿ 2012ರ ಜನವರಿಯಲ್ಲಿ ಉತ್ಪಾದನೆಯನ್ನೇ ನಿಲ್ಲಿಸಿದ ಸರ್ಕಾರ, ಮತ್ತೆ ಶುರು ಮಾಡಿದ್ದು 2013ರ ಏಪ್ರಿಲ್‌ನಲ್ಲಿ. ಅಷ್ಟರಲ್ಲಿ ಅಡಿಸ್ ಅಬಾಬಾದಲ್ಲಿ ಒಪ್ಪಂದವಾಗಿತ್ತು: ಸಂಸ್ಕರಣೆ ಮತ್ತು ಸಾಗಣೆಗೆ ಮಾರ್ಗವನ್ನು ಅವಲಂಬಿಸಿ ಬ್ಯಾರೆಲ್‌ಗೆ 9.10 ಅಥವಾ 11 ಡಾಲರ್. ಅದರ ಮೇಲೆ, ತೈಲ ಕಳೆದುಕೊಂಡ ಸುಡಾನ್‌ಗೆ ಪರಿಹಾರವಾಗಿ ಒಟ್ಟು 302.8 ಕೋಟಿ ಡಾಲರ್ ತೀರುವವರೆಗೆ, ಇನ್ನೂ 15 ಡಾಲರ್.

ಬೆಲೆ 100 ಡಾಲರ್ ಇದ್ದಾಗ ಇದು ಕಾಲು ಭಾಗ. 2016ರ ಜನವರಿಯಲ್ಲಿ ಜಾಗತಿಕ ಮಾನದಂಡವಾದ ಬ್ರೆಂಟ್ ಕಚ್ಚಾ ತೈಲದ ಬೆಲೆ 30 ಡಾಲರ್‌ಗಿಂತ ಕೆಳಗೆ ಬಿತ್ತು. ದಕ್ಷಿಣ ಸುಡಾನ್‌ನ ಡಾರ್ ಬ್ಲೆಂಡ್ ತೈಲಕ್ಕೆ ಅದಕ್ಕಿಂತಲೂ ಕಡಿಮೆ ಬೆಲೆ. ಶುಲ್ಕ ಕಳೆದರೆ ಉಳಿಯುವುದು ಪುಡಿಗಾಸು. ಬೆಲೆಗೆ ತಕ್ಕಂತೆ ಏರಿಳಿಯದ ಶುಲ್ಕಕ್ಕೆ ಒಪ್ಪಿದ್ದೇ ದೊಡ್ಡ ತಪ್ಪು. ಶುಲ್ಕ ಸಡಿಲಿಸುವ ಮಾತುಕತೆ ಬಂದದ್ದು ಪೆಟ್ಟು ಬಿದ್ದ ಮೇಲೆ.

ಅದಕ್ಕಿಂತ ಆಳದ ಗಾಯ ವಿನಿಮಯ ದರದ್ದು. 2015ರ ಡಿಸೆಂಬರ್‌ವರೆಗೆ ಡಾಲರ್‌ಗೆ ಅಧಿಕೃತ ದರ ಸುಮಾರು 3 ದಕ್ಷಿಣ ಸುಡಾನ್ ಪೌಂಡ್, ಕಾಳಸಂತೆಯಲ್ಲಿ ಅದರ ಹಲವು ಪಟ್ಟು. ಪರಿಣಾಮ ನೋಡಿ: ತೈಲದಿಂದ ಬಂದ ಪ್ರತಿ ಡಾಲರ್‌ಗೆ ಖಜಾನೆಗೆ ದಕ್ಕುವುದು 3 ಪೌಂಡ್. ಆಹಾರ, ಔಷಧ ಆಮದಿಗೆಂದು ಪರವಾನಗಿ ಪಡೆದವನು ಅದೇ ಡಾಲರನ್ನು ಅಗ್ಗಕ್ಕೆ ಕೊಂಡು ಬೀದಿಯಲ್ಲಿ ಮಾರಿದರೆ, ಒಂದು ಮೂಟೆ ಧಾನ್ಯವನ್ನೂ ತರದೆ ಹಣ ಹಲವು ಪಟ್ಟಾಗುತ್ತದೆ. ಖಜಾನೆಯ ಕೊರತೆ ತುಂಬಲು ಕೇಂದ್ರ ಬ್ಯಾಂಕ್ ನೋಟು ಮುದ್ರಿಸುತ್ತದೆ, ಕಾಳಸಂತೆಯ ದರ ಮತ್ತೆ ಏರುತ್ತದೆ. ಕೊನೆಗೆ ದರವನ್ನು ಮಾರುಕಟ್ಟೆಗೆ ಬಿಟ್ಟರೂ ಮುದ್ರಣ ನಿಲ್ಲಲಿಲ್ಲ. 2016ರ ಅಕ್ಟೋಬರ್‌ನಲ್ಲಿ ಹಣದುಬ್ಬರ ಶೇ 800 ದಾಟಿತು. ಹಾಗೆಂದು ದರ ಬಿಟ್ಟದ್ದು ತಪ್ಪೆನ್ನಲಾಗದು. ಕೊರತೆಗೆ ಕಡಿವಾಣ ಹಾಕದೆ ಬಿಟ್ಟದ್ದು ತಪ್ಪು. 2021ರಲ್ಲಿ ಅಂತರರಾಷ್ಟ್ರೀಯ ಹಣಕಾಸು ನಿಧಿಯ (ಐಎಂಎಫ್) ನೆರವಿನೊಂದಿಗೆ ನಿಯಮಿತ ಡಾಲರ್ ಹರಾಜು ನಡೆದು, ಮುದ್ರಣಕ್ಕೆ ಲಗಾಮು ಬಿದ್ದಾಗ ಎರಡು ದರಗಳ ಅಂತರ ಬಹುಪಾಲು ಮುಚ್ಚಿತು. ದಾರಿ ಇದೆ, ಅದರಲ್ಲಿ ನಿಲ್ಲುವ ಶಿಸ್ತು ಬೇಕು.

ಇನ್ನೊಂದು ಕುಣಿಕೆ ಮುಂಗಡ ಮಾರಾಟ. ವ್ಯಾಪಾರಿ ಕಂಪನಿ ಇಂದು ಹಣ ಕೊಡುತ್ತದೆ, ಮುಂದಿನ ತಿಂಗಳುಗಳ ಹಡಗುಗಳಲ್ಲಿ ತೈಲ ತುಂಬಿಕೊಂಡು ವಸೂಲಿ ಮಾಡುತ್ತದೆ. ಸಾಲ ಡಾಲರ್ ಲೆಕ್ಕದಲ್ಲಿರುವುದರಿಂದ ಬೆಲೆ ಅರ್ಧಕ್ಕಿಳಿದರೆ ತೀರಿಸಲು ಎರಡು ಪಟ್ಟು ತೈಲ ಬೇಕು. ಆಗ ಸಂಬಳಕ್ಕೆ ಹಣವಿಲ್ಲ, ಮತ್ತೊಂದು ಮುಂಗಡ. 2024ರ ಫೆಬ್ರುವರಿಯಲ್ಲಿ ಈ ಕುಣಿಕೆ ಎಷ್ಟು ಬಿಗಿ ಎಂದು ಗೊತ್ತಾಯಿತು. ಡಾರ್ ಬ್ಲೆಂಡ್ ಮೇಣದ ಅಂಶ ಹೆಚ್ಚಿರುವ ತೈಲ. ದಾರಿಯುದ್ದಕ್ಕೂ ಕಾಯಿಸುತ್ತ, ಪಂಪು ಮಾಡುತ್ತಲೇ ಇರಬೇಕು. ಹರಿವು ನಿಂತರೆ ಕೊಳವೆಯೊಳಗೇ ಹೆಪ್ಪುಗಟ್ಟುತ್ತದೆ. ಸುಡಾನ್‌ನ ಯುದ್ಧದ ನಡುವೆ ಆ ಕೊಳವೆ ಒಡೆಯಿತು, ರಫ್ತಿನ ದೊಡ್ಡ ಪಾಲು ತಿಂಗಳುಗಟ್ಟಲೆ ನಿಂತಿತು. ಸಾಲದ ಗಡುವು ನಿಲ್ಲಲಿಲ್ಲ.

ಸಂಬಳವಿಲ್ಲದ ಸೈನಿಕ ರಸ್ತೆಗೆ ಹಗ್ಗ ಕಟ್ಟಿ ವಸೂಲಿಗಿಳಿಯುತ್ತಾನೆ. ಉಗಾಂಡಾ ಗಡಿಯ ನಿಮುಲೆಯಿಂದ ರಾಜಧಾನಿ ಜುಬಾಕ್ಕೆ ಬರುವ ಲಾರಿಯ ಹಿಟ್ಟಿಗೂ, ಬಿಳಿ ನೈಲ್‌ನಲ್ಲಿ ಸಾಗುವ ದೋಣಿಯ ಸರಕಿಗೂ ಆ ವಸೂಲಿ ಸೇರಿಕೊಳ್ಳುತ್ತದೆ. ಖಜಾನೆಗೆ ಒಂದು ಪೌಂಡೂ ಬರದಿದ್ದರೂ ಜನ ತೆರಿಗೆ ಕಟ್ಟಿದಂತೆಯೇ ಆಯಿತು. ಆದ್ದರಿಂದ ತೈಲೇತರ ಆದಾಯದ ಮಾತು ಹೊಸ ತೆರಿಗೆಯಿಂದ ಆರಂಭವಾಗಬಾರದು. ನಿಮುಲೆಯಲ್ಲಿ ಒಮ್ಮೆ ಸುಂಕ, ಒಂದೇ ರಸೀದಿ, ಹಣ ನೇರ ಖಜಾನೆಯ ಒಂದೇ ಖಾತೆಗೆ. ನಂತರ ಜುಬಾದವರೆಗೆ ಯಾರೂ ಲಾರಿ ತಡೆಯಕೂಡದು.

ಬೆಲೆ ಏರಿಳಿತ ತಾಳಲು ಸ್ಥಿರೀಕರಣ ಖಾತೆ, ಭವಿಷ್ಯದ ಪೀಳಿಗೆಗೆ ನಿಧಿ, ತೈಲ ಬರುವ ರಾಜ್ಯಗಳಿಗೆ ಶೇ 2, ಅಲ್ಲಿನ ಸಮುದಾಯಗಳಿಗೆ ಶೇ 3: ಇವೆಲ್ಲ 2013ರ ತೈಲ ಆದಾಯ ಕಾನೂನಿನಲ್ಲಿವೆ. ಈಗ ಬೇಕಾದ್ದು ಅನುಕ್ರಮ. ಹೊಸ ಮುಂಗಡ ಮೊದಲು ನಿಲ್ಲಲಿ. ಪ್ರತಿ ಹಡಗಿನ ಪ್ರಮಾಣ, ಬೆಲೆ, ಕೊಂಡವರು, ಕಡಿತಗಳು ಪ್ರಕಟವಾಗಲಿ. ಬಂದ ಹಣದಲ್ಲಿ ಸಂಬಳ ಮೊದಲು ಪಾವತಿಯಾಗಲಿ. ಭವಿಷ್ಯದ ನಿಧಿ ಆಮೇಲಿನದು. ದುಬಾರಿ ಬಡ್ಡಿಯ ಸಾಲ ಹೊತ್ತು ಉಳಿತಾಯ ಮಾಡುವುದರಲ್ಲಿ ಅರ್ಥವಿಲ್ಲ, ಸಾಲ ತೀರಿಸುವುದೇ ಅಲ್ಲಿನ ಮಕ್ಕಳಿಗೆ ಮಾಡುವ ಉಳಿತಾಯ.