ನೀರಿನ ಟಾಕಿ ತುಂಬಿದ್ದಾಗ ಮಾತ್ರ ಓಡುವ ನಿಮ್ಮ ಡಿಶ್‌ವಾಶರ್ ಬಗ್ಗೆ ದೂರು

ಗೆ,
ಮುಖ್ಯಸ್ಥರು, ಗ್ರಾಹಕ ಸೇವಾ ವಿಭಾಗ

ಇಂದ,
ನಿಮ್ಮ ಗ್ರಾಹಕಿ, ಮಾಳಮಡ್ಡಿ, ಧಾರವಾಡ

ವಿಷಯ: ಜಾಗ ಸರಿಯಾಗಿ ನೋಡದೆ ಡಿಶ್‌ವಾಶರ್ ಜೋಡಿಸಿ, ದೂರನ್ನು ಸುಮ್ನೆ ಮುಚ್ಚಿರುವುದು.

ಮಾನ್ಯರೇ,

ನಿಮ್ಮ ದಾಖಲೆಯಲ್ಲಿ ನನ್ನ ದೂರು ಬಗೆಹರಿದಿದೆ. ನಮ್ಮ ಅಡಿಗೆಮನೆಯಲ್ಲಿ ಮಾತ್ರ ನಿನ್ನೆ ರಾತ್ರಿಯೂ ಮೆಷಿನ್ ಅರ್ಧಕ್ಕೇ ನಿಂತು ಕುಂಯ್ ಕುಂಯ್ ಅನ್ನುತ್ತಿತ್ತು. ಫೋನ್ ಮಾಡಿದರೆ ಪ್ರತಿ ಸಲ ಹೊಸಬರು ಸಿಗುತ್ತಾರೆ, ಪ್ರತಿ ಸಲ ಮೊದಲಿಂದ ಹೇಳಬೇಕು. ಅದಕ್ಕೇ ಈ ಪತ್ರ.

ನಮ್ಮದು ಹಳೆಯ ಮನೆ, ಅಡಿಗೆಮನೆ ಎಂಟು ಅಡಿಗೆ ಆರು ಅಡಿ. ಅತ್ತೆಯವರಿಗೆ ಬೆರಳಿನ ಸಂದು ನೋವು. ನನಗೆ ಬೆಳಿಗ್ಗೆ ಹುಬ್ಬಳ್ಳಿಯ ಚಿಗರಿ ಬಸ್ಸು ಹಿಡಿಯುವ ಗಡಿಬಿಡಿ. ದೊಡ್ಡ ಮೆಷಿನ್‌ಗೆ ಜಾಗ ಇಲ್ಲ ಎಂದೇ ಕಟ್ಟೆಯ ಮೇಲೆ ಕೂರುವ ಸಣ್ಣದನ್ನು ಆರಿಸಿದೆವು: 55 ಸೆಂ.ಮೀ. ಅಗಲ, 50 ಆಳ, 44 ಎತ್ತರ. ರೊಟ್ಟಿ ಹಿಟ್ಟು ನಾದುವ ಪರಾತ ಅದರಲ್ಲಿ ಹಿಡಿಸುವುದಿಲ್ಲ. ಅದು ಗೊತ್ತಿದ್ದೇ ಕೊಂಡೆ, ಅದಕ್ಕೆ ದೂರಿಲ್ಲ.

ಹಣ ಕಟ್ಟುವ ಮೊದಲು ನಿಮ್ಮವರು ಬಂದು ಜಾಗ ನೋಡುತ್ತಾರೆ ಎಂದಿರಿ. ಬಂದರು. ಚಹಾ ಕುಡಿದರು, ಕಟ್ಟೆಗೆ ಟೇಪು ಹಿಡಿದರು, "ಬರೊಬ್ಬರಿ ಕುಂದರತೈತ್ರಿ ಅಕ್ಕಾರ" ಅಂದರು. ಅಷ್ಟೇ. ನಳ ತಿರುಗಿಸಿ ನೋಡಲಿಲ್ಲ. ಟಾಕಿ ಎಲ್ಲಿದೆ ಎಂದು ಕೇಳಲಿಲ್ಲ. ಪ್ಲಗ್ ಪಾಯಿಂಟ್ ಕಡೆ ತಿರುಗಿಯೂ ನೋಡಲಿಲ್ಲ.

ಜೋಡಿಸಿದ ದಿನ ಮೆಷಿನ್ ಚೆನ್ನಾಗಿಯೇ ಓಡಿತು. ಮೂರನೇ ದಿನದಿಂದ ಶುರುವಾಯಿತು ನೋಡಿ. ನೀರು ಎಳೆದುಕೊಳ್ಳಲು ಹೋಗಿ ನಿಲ್ಲುತ್ತದೆ, ನಳದ ಚಿತ್ರದ ದೀಪ ಮಿಣುಕುತ್ತದೆ. ನಿಮ್ಮ ಹುಡುಗ ಮೂರು ಸಲ ಬಂದ. ಮೊದಲ ಸಲ ಜಾಳಿಗೆಯಲ್ಲಿ ಕಸ ಎಂದ. ಎರಡನೇ ಸಲ ನಿಮ್ಮ ನೀರೇ ಸರಿ ಇಲ್ಲ ಎಂದ. ಮೂರನೇ ಸಲ ಬಂದಾಗ ಮೆಷಿನ್ ಸರಾಗವಾಗಿ ಓಡಿಬಿಟ್ಟಿತು. ದೂರು ಮುಚ್ಚಿ ಹೋದ. ರಾತ್ರಿ ಮತ್ತೆ ನಿಂತಿತು.

ಕಾರಣ ಸಿಕ್ಕಿದ್ದು ನಿಮ್ಮದೇ ಕೈಪಿಡಿಯಲ್ಲಿ. ನೀರಿನ ಒತ್ತಡ ಕನಿಷ್ಠ 0.04 ಮೆಗಾಪಾಸ್ಕಲ್ ಇರಬೇಕು ಎಂದು ಸಣ್ಣ ಅಕ್ಷರದಲ್ಲಿದೆ. ಅಂದರೆ ಮೆಷಿನ್‌ಗಿಂತ ಸುಮಾರು 4 ಮೀಟರ್, ಹದಿಮೂರು ಅಡಿ ಮೇಲೆ ನೀರು ನಿಂತಿರಬೇಕು. ನಮ್ಮ ಟಾಕಿಯ ತಳ ಕಟ್ಟೆಯಿಂದ ಹತ್ತು ಅಡಿ ಮೇಲಿದೆ, ದಾರ ಇಳಿಬಿಟ್ಟು ಅಳೆದಿದ್ದೇನೆ. ಟಾಕಿ ತುಂಬಿದ್ದರೆ ಇನ್ನೂ ಮೂರೂವರೆ ಅಡಿ ನೀರು ಸೇರುತ್ತದೆ, ಮೆಷಿನ್ ಓಡುತ್ತದೆ. ಸ್ವಲ್ಪ ಇಳಿದರೂ ಸಾಕು, ನಿಲ್ಲುತ್ತದೆ. ನಿಮ್ಮ ಹುಡುಗ ಜೋಡಿಸಲು ಬಂದ ದಿನವೂ, ಮೂರನೇ ಸಲ ಬಂದ ದಿನವೂ ಆಗಷ್ಟೇ ಮೋಟರ್ ಹಾಕಿ ಟಾಕಿ ತುಂಬಿಸಿದ್ದೆವು!

ಮಲಪ್ರಭೆ ನೀರು ನಮಗೆ ದಿನಾ ಬರುವುದಿಲ್ಲ. ಬಂದಾಗ ಸಂಪಿನಲ್ಲಿ ಹಿಡಿದು ಮೇಲಕ್ಕೆ ಏರಿಸುತ್ತೇವೆ. ಈ ಊರಿನಲ್ಲಿ ಬಹಳ ಮನೆಗಳ ಕಥೆ ಇದೇ. ಇಲ್ಲಿ ಅಂಗಡಿ ಇಟ್ಟು ಮಾರುವವರಿಗೆ ಇದು ಗೊತ್ತಿರಬೇಕು ಅಲ್ವಾ? ಈಗ ಒತ್ತಡ ಹೆಚ್ಚಿಸುವ ಪಂಪ್ ಹಾಕಿಸಿ, 6,500 ರೂಪಾಯಿ ಆಗುತ್ತದೆ ಎನ್ನುತ್ತೀರಿ. ಈ ಮಾತನ್ನು ಚಹಾ ಕುಡಿದ ದಿನವೇ ಹೇಳಿದ್ದರೆ ಕೊಳ್ಳುವುದೋ ಬಿಡುವುದೋ ನಾನು ಯೋಚಿಸುತ್ತಿದ್ದೆ.

ಇದಕ್ಕಿಂತ ಜಾಸ್ತಿ ಸಿಟ್ಟು ಬಂದಿದ್ದು ಪ್ಲಗ್ ವಿಷಯಕ್ಕೆ. ಮೆಷಿನ್ ಹಿಂದಿನ ಚೀಟಿಯಲ್ಲಿ 1,900 ವ್ಯಾಟ್ ಎಂದಿದೆ. ನೀರು ಕಾಯುವಾಗ ಎಂಟು ಆಂಪಿಯರ್‌ಗೂ ಹೆಚ್ಚು ಎಳೆಯುತ್ತದೆ. ನಿಮ್ಮ ಹುಡುಗ ಅದನ್ನು ಮಿಕ್ಸರ್ ಹಾಕುವ 6 ಆಂಪಿಯರ್ ಪಾಯಿಂಟ್‌ಗೆ ಕನ್ವರ್ಟರ್ ಪಿನ್ ಹಾಕಿ ಸಿಕ್ಕಿಸಿದ. ಕೇಳಿದರೆ "ಏನೂ ಆಗಂಗಿಲ್ರಿ" ಎಂದ. ಒಂದು ವಾರಕ್ಕೆ ಪಿನ್ ಕರಗಿ ವಾಸನೆ ಬಂತು, ಫೋಟೋ ಇಟ್ಟಿದ್ದೇನೆ. ಆ ಹೊತ್ತಿಗೆ ಮನೆಯಲ್ಲಿ ಅತ್ತೆಯವರು ಒಬ್ಬರೇ ಇದ್ದರು. ಬೇರೆ ವೈರ್ ಎಳೆಸಿ 16 ಆಂಪಿಯರ್ ಪಾಯಿಂಟ್ ಹಾಕಿಸಲು ನನಗೆ 1,800 ರೂಪಾಯಿ ಆಯಿತು.

ಉಪ್ಪಿನದ್ದು ಸಣ್ಣ ಮಾತು, ಆದರೂ ಹೇಳುತ್ತೇನೆ. ಗಡಸು ನೀರನ್ನು ಮೆದು ಮಾಡಲು ಮೆಷಿನ್‌ಗೆ ಅದರದ್ದೇ ದಪ್ಪ ಉಪ್ಪು ಬೇಕು, ಅಡಿಗೆ ಉಪ್ಪು ಹಾಕಬಾರದು ಎಂದು ಕೈಪಿಡಿಯಲ್ಲೇ ಇದೆ. ನಿಮ್ಮ ಹುಡುಗ ನಮ್ಮ ಉಪ್ಪಿನ ಡಬ್ಬಿ ಕೇಳಿದ. "ಭಾಂಡಿ ತೊಳ್ಯಾಕ ಉಪ್ಪಾ?" ಎಂದು ಅತ್ತೆಯವರು ಕೊಡಲಿಲ್ಲ. ಅವರಿಂದ ಮೆಷಿನ್ ಉಳಿಯಿತು.

ನಾನು ಕೇಳುವುದಿಷ್ಟೇ. ಪಂಪನ್ನು ನಿಮ್ಮ ಖರ್ಚಿನಲ್ಲಿ ಹಾಕಿಕೊಡಿ, ಇಲ್ಲವೇ ಮೆಷಿನ್ ವಾಪಸ್ ಒಯ್ದು ಪೂರ್ತಿ ಹಣ ಕೊಡಿ. ಎರಡರಲ್ಲಿ ಯಾವುದಾದರೂ ಸರಿ, ವೈರಿಂಗಿನ 1,800 ಮಾತ್ರ ಕೊಡಲೇಬೇಕು. ಮುಚ್ಚಿದ ದೂರನ್ನು ತೆರೆದು, ನಿಜ ಏನಾಯಿತೋ ಅದನ್ನೇ ಬರೆಯಿರಿ. ಹದಿನೈದು ದಿನ ಕಾಯುತ್ತೇನೆ. ಆಮೇಲೆ ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡುತ್ತೇನೆ, ಧಾರವಾಡದ ಜಿಲ್ಲಾ ಗ್ರಾಹಕರ ಆಯೋಗಕ್ಕೂ ಹೋಗುತ್ತೇನೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನಾನಿರುವ ಊರಿನಲ್ಲೇ ದೂರು ಕೊಡಬಹುದು, ಇಷ್ಟು ಮೊತ್ತಕ್ಕೆ ಶುಲ್ಕವೂ ಇಲ್ಲ.

ಬಿಲ್ಲು, ಫೋಟೋಗಳು, ಎಲೆಕ್ಟ್ರಿಷಿಯನ್ ಕೊಟ್ಟ ರಸೀದಿ ಜೊತೆಗಿವೆ. ಪರೀಕ್ಷೆಗೆ ಯಾರನ್ನಾದರೂ ಕಳಿಸುವುದಾದರೆ ಸಂಜೆ ಏಳರ ಮೇಲೆ ಕಳಿಸಿ. ಆಗ ಟಾಕಿ ಅರ್ಧ ಇಳಿದಿರುತ್ತದೆ.

ಇಂತಿ,
ನಿಮ್ಮ ಗ್ರಾಹಕಿ