ಕುದುರೆ ಜಾರಿದ ಸಂಜೆ

ಮೆಂಫಿಸ್‌ನ ಗಿಟಾರ್ ರಿಪೇರಿ ಅಂಗಡಿಯ ಹಿರಿಯರೇ, ಅಂದು ನಿಮ್ಮ ಹೆಸರು ಕೇಳುವುದನ್ನೇ ಮರೆತೆ.

ನನ್ನದು 1959ರ ಕಿತ್ತಳೆ ಬಣ್ಣದ ಗ್ರೆಚ್ 6120 ಗಿಟಾರ್. ರಾಕಬಿಲಿ ಎಂಬ ಆರಂಭದ ರಾಕ್ ಶೈಲಿಯ ಗಾಯಕ ಎಡ್ಡಿ ಕಾಕ್ರನ್ ನುಡಿಸುತ್ತಿದ್ದದ್ದೂ ಇದೇ ಮಾದರಿ, 1955ರದು. ಮನೆಯಾಕೆ ಇದನ್ನು ಸವತಿ ಎಂದೇ ಕರೆಯುತ್ತಾಳೆ. ಇದರ ಕುದುರೆಯನ್ನು, ಎಂದರೆ ತಂತಿಗಳನ್ನು ಎತ್ತಿ ಹಿಡಿಯುವ ಪಟ್ಟಿಯನ್ನು, ಮೈಗೆ ಅಂಟಿಸಿರುವುದಿಲ್ಲ. ತಂತಿಗಳ ಒತ್ತಡವೇ ಹಿಡಿದಿಟ್ಟಿರುತ್ತದೆ. ಒಂದೊಂದಾಗಿ ಬದಲಿಸಬೇಕಾದ ತಂತಿಗಳನ್ನು ನಾನು, ಕಾರ್ಯಕ್ರಮಕ್ಕೆ ಎರಡೇ ಗಂಟೆ ಇರುವಾಗ, ಆರನ್ನೂ ಒಟ್ಟಿಗೆ ಬಿಚ್ಚಿದ್ದೆ. ಕುದುರೆ ಜಾರಿತು. ಹೊಸ ತಂತಿ ಬಿಗಿದ ಮೇಲೆ ಕತ್ತಿನ ಕೆಳಗಿನ ಮೆಟ್ಟಿಲುಗಳಲ್ಲಿ (ಲೋಹದ ಅಡ್ಡಪಟ್ಟಿಗಳಲ್ಲಿ) ಶ್ರುತಿ ಸರಿ, ಮೇಲಿನವುಗಳಲ್ಲೆಲ್ಲ ಅಪಸ್ವರ.

ನೀವು ಅಂಗಡಿಯ ಬಾಗಿಲು ಹಾಕುತ್ತಿದ್ದಿರಿ. ನನ್ನ ಮುಖ ನೋಡಿ ಬೀಗವನ್ನು ಮತ್ತೆ ತೆಗೆದಿರಿ. ಗಿಟಾರ್ ಮುಟ್ಟುವ ಮೊದಲು ಕೈಗಡಿಯಾರ ಬಿಚ್ಚಿಟ್ಟು, ಬೆಲ್ಟಿನ ಬಕಲ್ ಗೀಚೀತೆಂದು ತೊಡೆಯ ಮೇಲೆ ಟವೆಲ್ ಹಾಸಿಕೊಂಡಿರಿ. ಅಷ್ಟಕ್ಕೇ ನನ್ನ ಎದೆಬಡಿತ ಅರ್ಧ ಇಳಿಯಿತು. ಹನ್ನೆರಡನೆಯ ಮೆಟ್ಟಿಲಿನಲ್ಲಿ ತಂತಿಯನ್ನು ಒಮ್ಮೆ ಸುಮ್ಮನೆ ಸೋಕಿ, ಒಮ್ಮೆ ಒತ್ತಿ, ಎರಡು ಸ್ವರವೂ ಕೂಡುವವರೆಗೆ ಕುದುರೆಯನ್ನು ಕೂದಲೆಳೆಯಷ್ಟೇ ಸರಿಸುತ್ತ ಹೋದಿರಿ. ಆಮೇಲೆ ಪಕ್ಕದಲ್ಲಿ ಕಾಗದದ ಟೇಪ್ ಹಗುರವಾಗಿ ಅಂಟಿಸಿ, ಅದರ ಮೇಲೆ ಪೆನ್ಸಿಲಿನ ಗೆರೆ.

ಹಣ ಎಷ್ಟೆಂದರೆ, ಒಂದು ಹಾಡು ನುಡಿಸಿ ಹೋಗು ಎಂದಿರಿ. ನುಡಿಸಿದೆ. ನೀವು ಕಸ ಗುಡಿಸುತ್ತಲೇ ಹಿಮ್ಮಡಿಯಲ್ಲಿ ತಾಳ ಹಾಕುತ್ತಿದ್ದಿರಿ.

ಆ ಟೇಪಿನ ತುಂಡು ಈಗ ಗಿಟಾರ್ ಪೆಟ್ಟಿಗೆಯೊಳಗಿದೆ. ತಂತಿಗಳನ್ನು ಒಂದೊಂದಾಗಿಯೇ ಬದಲಿಸುತ್ತಿದ್ದೇನೆ.