‘ಸ್ಯಾಲರಿ’ಯಲ್ಲಿ ಉಪ್ಪೆಷ್ಟು?

ಮಾನ್ಯರೆ,

ವಿದ್ಯಾರ್ಥಿಗಳಿಗಾಗಿ ಬರುವ ಇಂಗ್ಲಿಷ್ ಪದಪರಿಚಯದ ಅಂಕಣಗಳಲ್ಲಿ ಒಂದು ಕತೆ ಮತ್ತೆ ಮತ್ತೆ ಕಾಣಿಸುತ್ತದೆ: ರೋಮನ್ ಸೈನಿಕರಿಗೆ ಸಂಬಳವಾಗಿ ಉಪ್ಪು ಕೊಡುತ್ತಿದ್ದರು, ‘ಸ್ಯಾಲರಿ’ ಹುಟ್ಟಿದ್ದು ಹಾಗೆ. ‘ಉಪ್ಪಿನ ಋಣ’ ಎನ್ನುವ ನಮಗೆ ಇದು ತಟ್ಟನೆ ರುಚಿಸುತ್ತದೆ. ಆದರೆ ನಿಜ ಅರ್ಧ ಮಾತ್ರ. ಲ್ಯಾಟಿನ್ನಿನ ‘ಸಲಾರಿಯಂ’ ಪದದೊಳಗೆ ಉಪ್ಪಿನ ಹೆಸರಾದ ‘ಸಾಲ್’ ಇರುವುದು ಹೌದು. ಸೈನಿಕರಿಗೆ ಸಂಬಳದ ಬದಲು ಉಪ್ಪು ಅಳೆದು ಕೊಟ್ಟರೆನ್ನಲು ಪ್ರಾಚೀನ ದಾಖಲೆಯಿಲ್ಲ. ಅವರ ವೇತನದ ಹೆಸರು ‘ಸ್ಟಿಪೆಂಡಿಯಂ’, ಇಂದಿನ ಸ್ಟೈಪೆಂಡ್ ಬಂದದ್ದು ಅಲ್ಲಿಂದ. ಚಕ್ರವರ್ತಿ ಅಗಸ್ಟಸ್ ಕಾಲದಲ್ಲಿ ಸಾಮಾನ್ಯ ಕಾಲಾಳಿಗೆ ವರ್ಷಕ್ಕೆ 225 ದೆನಾರಿಯಸ್ ಎಂಬ ಬೆಳ್ಳಿ ನಾಣ್ಯ. ‘ವಾಮಿಟೋರಿಯಂ’ ಕೂಡ ಹೊಟ್ಟೆಬಾಕರು ವಾಂತಿ ಮಾಡುತ್ತಿದ್ದ ಕೋಣೆಯಲ್ಲ. ಬಯಲು ರಂಗಮಂದಿರದ ಆಸನಗಳತ್ತ ಜನರನ್ನು ‘ಕಕ್ಕುವ’ ದಾರಿ.

‘ಆಸ್ಟ್ರಸಿಸಂ’ ಎಂದರೆ ಬಹಿಷ್ಕಾರ ಎಂದು ಒಂದೇ ಮಾತಿನಲ್ಲಿ ಮುಗಿಸುವುದು ಇನ್ನೊಂದು ಅನ್ಯಾಯ. ನಮ್ಮ ಹಳ್ಳಿಗಳ ಬಹಿಷ್ಕಾರದಲ್ಲಿ ನೀರು, ಅಂಗಡಿ, ಮಾತು ಎಲ್ಲ ಬಂದ್. ಕ್ರಿ.ಪೂ. 5ನೇ ಶತಮಾನದ ಅಥೆನ್ಸಿನ ಪದ್ಧತಿ ಬೇರೆ. ಈ ವರ್ಷ ಯಾರನ್ನಾದರೂ ಹೊರಗೆ ಕಳಿಸಬೇಕೆ ಎಂದು ಪೌರಸಭೆ ಮೊದಲು ಕೇಳುತ್ತಿತ್ತು. ಹೌದೆಂದರೆ, ವಾರಗಳು ಕಳೆದ ಮೇಲೆ ಅಗೋರಾ ಎಂಬ ಸಂತೆ ಮೈದಾನದಲ್ಲಿ ಮತದಾನ. ಒಡೆದ ಮಡಕೆಯ ಚೂರಿನ ಮೇಲೆ ಹೆಸರು ಗೀಚಿ ಹಾಕಬೇಕು. ಆ ಚೂರೇ ‘ಆಸ್ಟ್ರಕಾನ್’. ಒಟ್ಟು 6000 ಚೂರು ಬೀಳದಿದ್ದರೆ ಮತದಾನ ಅಸಿಂಧು. ಆಯ್ಕೆಯಾದವನು 10 ದಿನದೊಳಗೆ ಊರು ಬಿಟ್ಟು 10 ವರ್ಷ ಹೊರಗಿರಬೇಕು, ಆದರೆ ಆಸ್ತಿಗೂ ಪೌರತ್ವಕ್ಕೂ ಚ್ಯುತಿಯಿಲ್ಲ. ಅಥೆನ್ಸಿನ ಕೋಟೆಗುಡ್ಡ ಆಕ್ರೊಪೊಲಿಸ್‌ನ ಉತ್ತರ ಇಳಿಜಾರಿನ ಬಾವಿಯೊಂದರಲ್ಲಿ ಅಲ್ಲಿನ ನಾಯಕ ಥೆಮಿಸ್ಟೊಕ್ಲೀಸನ ಹೆಸರಿದ್ದ ಸುಮಾರು 190 ಚೂರುಗಳು ಸಿಕ್ಕವು. ಅಕ್ಷರ ನೋಡಿದರೆ ಬರೆದ ಕೈಗಳು ಹದಿನಾಲ್ಕೇ. ಚೀಟಿ ಬರೆದಿಟ್ಟು ಹಂಚುವ ಕಲೆ ಅಷ್ಟು ಹಳೆಯದು!

ತಿಂಗಳುಗಳ ಬಗ್ಗೆಯೂ ತಪ್ಪು ನಿಂತಿಲ್ಲ. ಸಪ್ತ, ಅಷ್ಟ, ನವ, ದಶ ಬಲ್ಲ ಮಗುವಿಗೆ ಸೆಪ್ಟೆಂಬರ್‌ನಿಂದ ಡಿಸೆಂಬರ್‌ವರೆಗಿನ ಹೆಸರುಗಳಲ್ಲಿರುವ ಎಣಿಕೆ ತಾನಾಗಿ ಕೇಳಿಸುತ್ತದೆ. ಏಳನೆಯದು ಒಂಬತ್ತನೆಯದಾದದ್ದು ಜುಲೈ, ಆಗಸ್ಟ್‌ಗಳನ್ನು ನಡುವೆ ತೂರಿಸಿದ್ದರಿಂದಲ್ಲ. ಅವು ಮೊದಲೇ ಕ್ವಿಂಟಿಲಿಸ್, ಸೆಕ್ಸ್‌ಟಿಲಿಸ್ ಆಗಿದ್ದವು, ಕ್ರಿ.ಪೂ. 44 ಮತ್ತು 8ರಲ್ಲಿ ಹೆಸರಷ್ಟೇ ಬದಲಾಯಿತು. ವರ್ಷಾರಂಭ ಮಾರ್ಚ್‌ನಿಂದ ಜನವರಿಗೆ ಸರಿದದ್ದೇ ಕಾರಣ.

ಇಂಥ ಕತೆಗಳ ಜಾಗದಲ್ಲಿ ಪದ ಬಿಡಿಸುವುದನ್ನು ಕಲಿಸಿದರೆ ನೀಟ್ ಬರೆಯುವವರಿಗೂ ಉಪಯೋಗ. ಶಸ್ತ್ರಚಿಕಿತ್ಸೆಯ ಹೆಸರಿನ ಕೊನೆಯಲ್ಲಿ ‘ಎಕ್ಟಮಿ’ ಇದ್ದರೆ ಕತ್ತರಿಸಿ ತೆಗೆಯುವುದು, ‘ಆಟಮಿ’ ಇದ್ದರೆ ಬರೀ ಸೀಳುವುದು, ‘ಆಸ್ಟಮಿ’ ಇದ್ದರೆ ಹೊಸ ಬಾಯಿ ತೆರೆಯುವುದು. ಗ್ರೀಕಿನಲ್ಲಿ ‘ಸ್ಟೋಮಾ’ ಎಂದರೆ ಬಾಯಿ. ಪದ ಗ್ರೀಕಿನದೋ ಲ್ಯಾಟಿನ್ನಿನದೋ ಎಂದು ಮಾತ್ರ ಮೊದಲು ನೋಡಿಕೊಳ್ಳಬೇಕು. ಮಕ್ಕಳ ವೈದ್ಯರನ್ನು ಕರೆಯುವ ‘ಪೀಡಿಯಾಟ್ರಿಷಿಯನ್’ ಪದದಲ್ಲಿರುವುದು ಮಗು ಎಂಬ ಗ್ರೀಕ್ ಮಾತು. ‘ಪೆಡೆಸ್ಟ್ರಿಯನ್’ನಲ್ಲಿರುವುದು ಲ್ಯಾಟಿನ್ನಿನ ಕಾಲು, ನಮ್ಮ ‘ಪಾದ’ದ ನೆಂಟ. ಬ್ರಿಟಿಷರು ಮೊದಲನೆಯದನ್ನು ಪಿ-ಎ-ಇ-ಡಿ ಎಂದು ಬರೆದು ಬೇರೆ ಇಡುತ್ತಾರೆ. ಅಮೆರಿಕನ್ನರು ಆ ‘ಎ’ ಬಿಟ್ಟಿದ್ದಾರೆ, ಗೊಂದಲ ಆಗುವುದು ಅಲ್ಲೇ.

– ಇಂಗ್ಲಿಷ್ ಅಧ್ಯಾಪಕರು, ಶಿವಮೊಗ್ಗ